ಕಾನಹೊಸಹಳ್ಳಿಯಲ್ಲಿ ಕೆಟ್ಟ ಪ್ರೋಟೀನು

ಆರು ತಿಂಗಳ ನನ್ನ ದುಡಿಮೆಯೆಲ್ಲ ಕಿರುಬೆರಳಿನಷ್ಟೂ ಇಲ್ಲದ ಒಂದು ಪ್ಲಾಸ್ಟಿಕ್ ಕೊಳವೆಯೊಳಗಿತ್ತು. ಮನುಷ್ಯರ ಜೀವಕೋಶದ ಕೇಂದ್ರದಲ್ಲಿರುವ ಒಂದು ಪ್ರೋಟೀನು ಅದು. ಯಾರ ಮೈಯಿಂದಲೂ ತೆಗೆದದ್ದಲ್ಲ. ಅದರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅವುಗಳ ಕೈಯಲ್ಲೇ ಮಾಡಿಸಿ, ಸೋಸಿ ಸೋಸಿ ಶುದ್ಧ ಮಾಡಿದ್ದು. ಔಷಧಿಯೂ ಅಲ್ಲ, ಸಂಶೋಧನೆಗೆ ಮಾತ್ರ. ತಂಪು ತಪ್ಪಿದರೆ ಕೆಟ್ಟಿತೆಂದೇ ಲೆಕ್ಕ. ಎಂಬತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ಅದನ್ನು ಚಹಾದ ಥರ್ಮಾಸಿನೊಳಗೆ ಐಸಿನಲ್ಲಿ ಹೂತು, ಬೆಂಗಳೂರಿನಿಂದ ಧಾರವಾಡದ ಲ್ಯಾಬೊಂದಕ್ಕೆ ಒಯ್ಯುತ್ತಿದ್ದೆ. ಅಲ್ಲಿ ಅದು ಕೆಲಸ ಮಾಡಿದರೆ ನನಗೆ ಪಿಎಚ್.ಡಿ., ಇಲ್ಲದಿದ್ದರೆ ಇಲ್ಲ. ನಡುವೆ ಕೂಡ್ಲಿಗಿಯಲ್ಲಿ ಇಳಿದು ಅವ್ವನ ಮುಖ ನೋಡುವ ಆಸೆಗೆ ಈ ದಾರಿ ಹಿಡಿದಿದ್ದೆ.

ಕಾನಹೊಸಹಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಸುಡು ಮಧ್ಯಾಹ್ನ. ಮುಚ್ಚಳ ತೆಗೆದರೆ ಐಸೆಲ್ಲ ನೀರಾಗುತ್ತಿತ್ತು. ರಸ್ತೆಯಾಚೆ ಐಸ್ ಕ್ಯಾಂಡಿ ಮಾಡುವ ಅಂಗಡಿ ಕಂಡಿತು, ಓಡಿದೆ.

"ಬರ್ರಿ ಮೇಡಮ್ಮಾರ, ಕುಂದರ್ರಿ," ಎಂದು ಮಾಲೀಕ ಸ್ಟೂಲು ಒರೆಸಿದ. ಐಸ್ ಒಡೆಯುತ್ತಲೇ ಕೇಳಿದ: "ಮಾತು ನಮ್ ಕಡೀದ ಐತಲ್ರಿ. ಯಾವೂರು? ಯಾರ ಪೈಕಿ?"

ನಮ್ಮ ಕಡೆ ಇದನ್ನು ಕೇಳದೆ ಯಾರೂ ಯಾರಿಗೂ ಒಂದು ಲೋಟ ನೀರು ಕೊಡುವುದಿಲ್ಲ. ತೇಲಿಸಿ ಉತ್ತರ ಕೊಡುವುದು ನನಗೂ ಗೊತ್ತಿತ್ತು. ಬೇಕೆಂದೇ ನಮ್ಮ ಕೇರಿ ಯಾವುದೆಂದು ಹೇಳಿದೆ, ಅಪ್ಪ ಯಾರೆಂದೂ ಹೇಳಿದೆ.

ಥರ್ಮಾಸಿಗೆಂದು ಚಾಚಿದ್ದ ಅವನ ಕೈ ಹಿಂದೆ ಹೋಯಿತು. ಬಹುವಚನವೂ ಹೋಯಿತು. ದನಿ ಮಾತ್ರ ಮೆತ್ತಗೇ ಇತ್ತು.

"ಅದನ್ನ ಕೆಳಗಿಟ್ಟು ಅತ್ತಾಗ ಸರಿಯವ್ವ. ಮ್ಯಾಲಿಂದ ಹಾಕ್ತೀನಿ."

ಅಪ್ಪ ಬದುಕಿಡೀ ಹೀಗೇ ಬೊಗಸೆಯೊಡ್ಡಿ ನೀರು ಕುಡಿದವನು. ನಾನು ಥರ್ಮಾಸನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದೆ.

"ಕೈಗೆ ಕೊಡ್ರಿ."

"ಹಟ ಮಾಡಬ್ಯಾಡ ತಂಗಿ, ನಿನ್ನ ಸಾಮಾನು ಕೆಡತೈತಿ."

"ಕೆಡ್ಲಿ. ಕೈಗೆ ಕೊಡ್ರಿ."

ಅವನ ತಟ್ಟೆಯ ಐಸೂ ಕರಗುತ್ತಿತ್ತು, ನನ್ನದೂ. ಕೆಳಗಿಟ್ಟಿದ್ದರೆ ಎರಡು ನಿಮಿಷದ ಕೆಲಸ. ನಾನು ಬಗ್ಗಲಿಲ್ಲ, ಅವನು ಕೊಡಲಿಲ್ಲ.

ಕೂಡ್ಲಿಗಿ ಮುಟ್ಟುವಷ್ಟರಲ್ಲಿ ಕೊಳವೆಯ ತಳದಲ್ಲಿ ಬಿಳಿ ಗಷ್ಟು ಕೂತಿತ್ತು. ನಡೆದದ್ದು ಕೇಳಿ ಅವ್ವ ಅತ್ತಳು. "ಅಷ್ಟು ಬಗ್ಗಿದ್ರ ಏನ್ ಹೋಗ್ತಿತ್ತು ನಿಂದು? ನಾವೆಲ್ಲ ಬಗ್ಗಿಲ್ಲೇನು?"

"ನೀವು ಬಗ್ಗಿದ್ದು ಸಾಕು ಬೇ," ಎಂದೆ. ಎಂದವಳು ಅವಳ ಮಡಿಲಲ್ಲಿ ತಲೆಯಿಟ್ಟು ನಾನೂ ಅತ್ತೆ.

ಬೆಂಗಳೂರಿನ ಲ್ಯಾಬಿಗೆ ಮರಳಿದಾಗ ನನ್ನ ಗೈಡು ಕೂಗಾಡಿದರು. ಒಂದು ತುಂಡು ಐಸಿಗೆ ಪಿಎಚ್.ಡಿ. ಕಳೆದುಕೊಳ್ಳುತ್ತೀಯಾ ಎಂದರು. ಯಾಕೆ ಕಳೆದುಕೊಳ್ಳಲಿ? ಪ್ರೋಟೀನು ಕೆಟ್ಟಿತ್ತು, ಅದನ್ನು ಮಾಡುವ ಬ್ಯಾಕ್ಟೀರಿಯಾ ಫ್ರೀಜರಿನಲ್ಲಿ ಜೀವಂತವಾಗಿತ್ತು. ಮತ್ತೆ ಬೆಳೆಸಿದೆ, ಮತ್ತೆ ಸೋಸಿದೆ. ಈ ಸಲ ನಾಲ್ಕೇ ತಿಂಗಳು ಹಿಡಿಯಿತು.

ಅದೇ ಥರ್ಮಾಸು, ಅದೇ ದಾರಿ. ಬಸ್ಸು ಕೆಡಲಿಲ್ಲ, ಐಸೂ ಗಟ್ಟಿಯಾಗಿತ್ತು. ಆದರೂ ಕಾನಹೊಸಹಳ್ಳಿಯಲ್ಲಿ ಇಳಿದು ಆ ಅಂಗಡಿಯ ಮುಂದೆ ಥರ್ಮಾಸು ಚಾಚಿದೆ. ಅವನು ಮುಖ ತಿರುಗಿಸಿದ. ಕಂಡಕ್ಟರ್ ಸೀಟಿ ಊದುವವರೆಗೂ ಕೈ ಇಳಿಸಲಿಲ್ಲ.

ಧಾರವಾಡದಲ್ಲಿ ಪ್ರೋಟೀನು ಕೆಲಸ ಮಾಡಿತು, ಪಿಎಚ್.ಡಿ.ಯೂ ಬಂತು. ಆಮೇಲೂ ಊರಿಗೆ ಹೋದಾಗಲೆಲ್ಲ ಅಲ್ಲಿ ಇಳಿಯುತ್ತಿದ್ದೆ, ಖಾಲಿ ಥರ್ಮಾಸು ಹಿಡಿದುಕೊಂಡು.