ಬೆಳಗಿನ ಬ್ಲೋವರ್ ಮತ್ತು ಒಂದು ಡಬ್ಬಿ ಸಂದೇಶ

ಸೆಕ್ಟರ್ ಫೈವ್‌ನ ಒಂದು ಕಟ್ಟಡದಲ್ಲಿ ಕರೆಂಟಿನ ಉಸ್ತುವಾರಿ ನನ್ನದಾಗಿತ್ತು. ಬೆಳಿಗ್ಗೆ ನೆಲಮಾಳಿಗೆಯಲ್ಲಿ ಏಸಿಯ ದೊಡ್ಡ ಬ್ಲೋವರಿನ ಮೋಟಾರ್ ಶುರುವಾದರೆ ನಾಲ್ಕನೇ ಮಹಡಿಯ ಟ್ಯೂಬ್‌ಲೈಟುಗಳು ಮಂಕಾಗಿ, ಅಲ್ಲಿನ ಸಾಫ್ಟ್‌ವೇರ್ ಕಂಪನಿಯ ಕೆಲವು ಕಂಪ್ಯೂಟರುಗಳು ಆರಿಹೋಗುತ್ತಿದ್ದವು. ಕಂಪನಿಯವರು ಆಗಲೇ ನ್ಯೂ ಟೌನ್ ಕಡೆ ಜಾಗ ನೋಡುತ್ತಿದ್ದರು. ಅವರು ಹೋದರೆ ನನ್ನ ಕೆಲಸವೂ ಹೋಗುತ್ತದೆ ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಆ ಮೋಟಾರಿಗಿದ್ದದ್ದು ಸ್ಟಾರ್-ಡೆಲ್ಟಾ ಸ್ಟಾರ್ಟರ್. ಮೊದಲು 'ಸ್ಟಾರ್' ಜೋಡಣೆಯ ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸಿ, ತುಸು ಹೊತ್ತಿನ ಮೇಲೆ 'ಡೆಲ್ಟಾ'ದ ಪೂರ್ತಿ ವೋಲ್ಟೇಜಿಗೆ ಬದಲಿಸುತ್ತದೆ. ಅದನ್ನು ಕಿತ್ತು, ವೋಲ್ಟೇಜನ್ನು ಮೆತ್ತಗೆ ಏರಿಸುವ ಸಾಫ್ಟ್ ಸ್ಟಾರ್ಟರ್ ಹಾಕಿ ಎಂದು ಒಬ್ಬ ಸೇಲ್ಸಿನವನು ಬೆನ್ನುಬಿದ್ದ. ನಾನಿಲ್ಲದಾಗ ಮನೆಗೆ ಬಂದು ಸಂದೇಶ ಎಂಬ ಬಂಗಾಳಿ ಮಿಠಾಯಿಯ ಒಂದು ಡಬ್ಬಿಯನ್ನೂ ಕೊಟ್ಟುಹೋದ.

"ಮನೀತನಕಾ ಮಿಠಾಯಿ ತಂದಾನಂದ್ರ ಅವನ ಮಾಲಿನ್ಯಾಗ ಏನರ ಐಬು ಇರಬೇಕ್ ನೋಡ್ರಿ," ಎಂದಳು ಹೆಂಡತಿ. "ತಿರುಗಿ ಕೊಟ್ಟ್ ಬರ್ರಿ. ಆದ್ರ ನಿಮ್ಮ ಮಗಳು ಆಗಲೇ ಒಂದ್ ತಿಂದಾಳ."

ನಮ್ಮ ಓಣಿಯ ಅಂಗಡಿಯಿಂದ ಅಂಥದೇ ಒಂದು ತಂದು ಖಾಲಿ ಜಾಗ ತುಂಬಿಸಿ, ಡಬ್ಬಿಯನ್ನು ವಾಪಸ್ ಕೊಟ್ಟೆ.

ಸಂಶಯ ಮಾತ್ರ ವಾಪಸ್ ಹೋಗಲಿಲ್ಲ. ಪ್ಯಾನಲ್ ತೆರೆದು ನೋಡಿದರೆ, ಬದಲಾವಣೆಯ ಹೊತ್ತನ್ನು ಗೊತ್ತುಮಾಡುವ ಟೈಮರಿನ ಗುಬುಟು ಬಹಳ ಹಿಂದಕ್ಕೆ ತಿರುಗಿ, ಬದಲಾವಣೆ ಹೊತ್ತಿಗೆ ಮುಂಚೆಯೇ ಆಗುತ್ತಿತ್ತು. ಸೇಲ್ಸಿನವನ ಮೆಕ್ಯಾನಿಕ್ ಹಿಂದಿನ ವಾರ ಅದನ್ನು 'ಸುಮ್ಮನೆ ನೋಡಿದ್ದ'. ಸಿಕ್ಕಿಬಿದ್ದ ಅಂದುಕೊಂಡು ಸರಿಮಾಡಿದೆ. ಆದರೂ ಮರುದಿನ ಕಂಪ್ಯೂಟರುಗಳು ಆರಿದವು. ಟೈಮರನ್ನು ಇನ್ನೂ ಹಿಗ್ಗಿಸಿದೆ. ಬ್ಲೋವರಿನ ಆ ಭಾರದ ಚಕ್ರ ಸ್ಟಾರ್‌ನಲ್ಲಿ ಅರ್ಧ ವೇಗದಿಂದ ಮೇಲೇರುತ್ತಲೇ ಇರಲಿಲ್ಲ. ಡೆಲ್ಟಾಕ್ಕೆ ಬದಲಾಗುವಾಗ ಕರೆಂಟಿಗೆ ಮತ್ತೆ ಅದೇ ಹೊಡೆತ.

ಹಾಗಾದರೆ ನಿಮ್ಮದನ್ನೇ ಹಾಕಿ ತೋರಿಸಿ ಎಂದು ಸೇಲ್ಸಿನವನಿಗೆ ಹೇಳಿದೆ. ಸ್ವಿಚ್ ಹಾಕುವ ಮೊದಲು ಅವನು ಬ್ಲೋವರಿಗೆ ಗಾಳಿ ಬಿಡುವ ಬಾಗಿಲು ಮುಚ್ಚಲು ಹೋದ. ಅದು ಮುಚ್ಚಿದ್ದರೆ ಮೋಟಾರಿಗೆ ಹೊರೆ ಕಡಿಮೆ. ದಿನವೂ ಅದನ್ನು ಮುಚ್ಚಿ ತೆಗೆಯುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಬಾಗಿಲನ್ನು ತೆರೆದಿಟ್ಟು, ಹಿಡಿಕೆಯನ್ನು ತಂತಿಯಿಂದ ಬಿಗಿದು, ಇಕ್ಕಳವನ್ನು ಜೇಬಿಗೆ ಹಾಕಿಕೊಂಡು ನಾಲ್ಕನೇ ಮಹಡಿಗೆ ಹೋದೆ.

"ಇಷ್ಟೂ ನಂಬಿಕೆ ಇಲ್ವಾ ದಾದಾ?" ಎಂದ ಅವನು ಮೊಬೈಲಿನಲ್ಲಿ.

"ಶುರು ಮಾಡಿ," ಎಂದೆ.

ಮೋಟಾರ್ ನಿಧಾನಕ್ಕೆ ಏರಿತು. ಟ್ಯೂಬ್‌ಲೈಟು ಅಲುಗಲಿಲ್ಲ. ನನಗೆ ಸಮಾಧಾನಕ್ಕಿಂತ ಇರಿಸುಮುರಿಸೇ ಹೆಚ್ಚಾಯಿತು. ಈಗ ಅವನ ಮಾಲನ್ನೇ ಬೇಕೆಂದು ನಾನೇ ಹೇಳಬೇಕು.

ಹೋಗಿ ಹೇಳಿದಾಗ ಕಟ್ಟಡದ ಮ್ಯಾನೇಜರ್ ಕನ್ನಡಕ ತೆಗೆದರು. "ಸಚ್ ಬೋಲಿಯೇ ದಾದಾ, ನಿಜ ಹೇಳಿ. ಮನೆಗೆ ಸಂದೇಶ ಬಂದಿತ್ತಂತೆ?"

"ವಾಪಸ್ ಕೊಟ್ಟೆ."

"ಪೂರಾ?"

ಲೆಕ್ಕಕ್ಕೆ ಪೂರಾ. ಆದರೂ ನಾಲಿಗೆ ತಡವರಿಸಿತು. ನಾಳೆ ನೀವೇ ಬಂದು ನೋಡಿ ಎಂದೆ.

ಬಂದರು. ಮೊದಲು ನೆಲಮಾಳಿಗೆಗೇ ಇಳಿದು ಹಿಡಿಕೆಯ ತಂತಿ ಜಗ್ಗಿದರು.

"ಇದನ್ನು ಕಟ್ಟಿದ್ದು ಯಾರು?"

"ನಾನೇ."

"ಬಿಚ್ಚಿ. ಇಕ್ಕಳ ಕೊಡಿ, ನಾನು ಕಟ್ಟುತ್ತೇನೆ."

ಕಟ್ಟಿ, ಇಕ್ಕಳವನ್ನು ತಮ್ಮ ಜೇಬಿಗೇ ಹಾಕಿಕೊಂಡರು. ನಾಲ್ಕನೇ ಮಹಡಿಯಲ್ಲಿ ಇಬ್ಬರೂ ನಿಂತೆವು. ಬ್ಲೋವರ್ ಶುರುವಾಯಿತು, ಒಂದು ಕಂಪ್ಯೂಟರೂ ಆರಲಿಲ್ಲ. ಅಂದೇ ಅವರು ಆರ್ಡರಿಗೆ ಸಹಿ ಹಾಕಿದರು, ಕಂಪನಿಯೂ ಉಳಿಯಿತು. ಆದರೆ ಮೋಟಾರ್ ಏರುತ್ತಿದ್ದಷ್ಟು ಹೊತ್ತೂ ನಾನು ನೋಡಿದ್ದು ಟ್ಯೂಬ್‌ಲೈಟನ್ನು. ಅವರು ನೋಡಿದ್ದು ನನ್ನ ಮುಖವನ್ನು.