ಹೊಗೆಕೊಳವೆಯೊಳಗೆ ಬಿದ್ದ ಬಾಂಬು

ನಮ್ಮಪ್ಪ ಮುಂಬಯಿಗೆ ದುಡಿಯಲು ಹೋಗಿ, ಅಲ್ಲಿ ಹಡಗೊಂದರ ಕಲ್ಲಿದ್ದಲು ಒಲೆಗೆ ಆಳಾಗಿ ಸೇರಿ, ಜಪಾನಿನ ಯುದ್ಧದಲ್ಲಿ ಪೆಸಿಫಿಕ್ ಕಡೆ ಕಾಣೆಯಾದ. ಹಡಗಿನ ಹೆಸರು ಗೊತ್ತಿತ್ತು, ಅದು ಮುಳುಗಿದ್ದೂ ಗೊತ್ತಿತ್ತು. ಅವನ ಗತಿ ಏನಾಯಿತೋ ಗೊತ್ತಿರಲಿಲ್ಲ. ನಾನು ದೊಡ್ಡವಳಾಗಿ ಜಹೀರಾಬಾದಿನಲ್ಲಿ ಟೀಚರ್ ಆದರೂ, ಸಿರ್ಗಾಪುರದಲ್ಲಿ ಅವ್ವ ದಿನಾ ಕುಂಕುಮ ಇಡುತ್ತಲೇ ಇದ್ದಳು.

ಅರವತ್ತರ ದಶಕದ ಒಂದು ಬೇಸಿಗೆ, ಚಿಕ್ಕಪ್ಪ ಉರ್ದು ಮಾಸಪತ್ರಿಕೆ ಹಿಡಿದು ಬಂದ. ಅದರಲ್ಲಿ ಅದೇ ಹಡಗಿನ ಕಥೆ, ಚಿತ್ರ ಸಮೇತ. ಜಪಾನಿ ವಿಮಾನ ಹಾಕಿದ ಬಾಂಬು ನೆಟ್ಟಗೆ ಹೊಗೆಕೊಳವೆಯೊಳಗೆ ಇಳಿದು, ಒಲೆಯ ಮುಂದಿದ್ದವರೆಲ್ಲ ಕಣ್ಣುಮುಚ್ಚಿ ತೆರೆಯುವುದರೊಳಗೆ ಬೂದಿಯಾದರಂತೆ. ಜೊತೆಗೆ ಅವರ ಸಂಭಾಷಣೆ ಬೇರೆ. ಸತ್ತವರು ಏನು ಮಾತಾಡಿದರೆಂದು ಈ ಮಹಾನುಭಾವನಿಗೆ ಯಾರು ಹೇಳಿದರೋ. ಚಿಕ್ಕಪ್ಪ ಮಾತ್ರ ಎಲ್ಲವನ್ನೂ ನಂಬಿದ.

"ಛಾಪ್ಯಾರಲ್ಲ, ಝೂಟ್ ಯಾಕ ಛಾಪ್ತಾರ? ಇನ್ನ ಮಣ್ಣು ಕೊಟ್ಟುಬಿಡೂಣು," ಎಂದ.

ಹೆಣ ಸಿಗದವರಿಗೆ ನಮ್ಮ ಮನೆತನದಲ್ಲಿ ಜೋಳದ ದಂಟಿನ ಗೊಂಬೆ ಕಟ್ಟಿ, ಅವರ ಕಂಬಳಿ ಸುತ್ತಿ ಹೂಳುತ್ತಾರೆ. ಆಮೇಲೆ ಹೆಂಡತಿಯ ಬಳೆ ಒಡೆಯುತ್ತಾರೆ. ಅಮಾವಾಸ್ಯೆಗೆ ಗೊತ್ತುಮಾಡಿದರು. ಅವ್ವ ಆ ಚಿತ್ರ ನೋಡಿ ಅತ್ತಳು. ಅವಳು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಯಾವನೋ ರಂಜನೆಗೆ ಬರೆದದ್ದನ್ನು ಓದಿ ನಮ್ಮವ್ವನ ಬಳೆ ಯಾಕೆ ಒಡೆಯಬೇಕು?

ಗ್ರಂಥಾಲಯವೆಂದು ಬೋರ್ಡಿದ್ದ ಕಡೆಯೆಲ್ಲ ಹುಚ್ಚಿಯಂತೆ ಅಲೆದೆ. ಕೊನೆಗೆ ತಾಂಡೂರಿನಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಬರೆದವನು ಆ ಹಡಗಿನಲ್ಲೇ ಇದ್ದ ಅಧಿಕಾರಿ. ಬಾಂಬು ಬಿದ್ದೇ ಇರಲಿಲ್ಲ. ನೀರೊಳಗಿಂದ ಬಂದ ಟಾರ್ಪಿಡೊ ಹಡಗಿನ ಮೂತಿಗೆ ಬಡಿದಿತ್ತು; ಹೊಗೆಕೊಳವೆ ಕೊನೆತನಕ ನೆಟ್ಟಗೆ ನಿಂತಿತ್ತು; ಒಲೆಯ ಆಳುಗಳು ಮೇಲೆ ಬಂದು ದೋಣಿ ಹತ್ತಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆ ದೋಣಿ ಎಲ್ಲಿಗೆ ಹೋಯಿತೆಂದು ಅವನಿಗೂ ತಿಳಿಯದು. ತಿಳಿಯದು ಅಂತಲೇ ಬರೆದಿದ್ದ.

ಗೊಂಬೆ ಕಟ್ಟುವ ದಿನ ಏದುಸಿರು ಬಿಡುತ್ತ ಬಂದು, ಅಂಗಳದಲ್ಲಿ ನಿಂತು ಎಲ್ಲರಿಗೂ ಓದಿ ಹೇಳಿದೆ. ದಂಟು ಬಿಚ್ಚಿ ದನಕ್ಕೆ ಹಾಕಿದರು. ಗೆದ್ದೆನೆಂದು ಒಳಗೆ ಹೋದರೆ ಅವ್ವ ಗೋಡೆಗೆ ಒರಗಿ ಕೂತಿದ್ದಳು.

"ಹಂಗಾದರ ಸತ್ತಾನಂತ ಖಾತ್ರಿ ಇಲ್ಲ?"

"ಇಲ್ಲವ್ವಾ."

"ಬದುಕ್ಯಾನಂತ?"

ನಾನು ಪುಸ್ತಕ ಮುಚ್ಚಿದೆ.

"ಇಷ್ಟು ವರ್ಷಕ್ಕ ಅಳಾಕ ಒಂದು ಜಾಗ ಸಿಕ್ಕಿತ್ತು," ಎಂದಳು ಅವ್ವ. "ಅದನ್ನೂ ಕಸ್ಕೊಂಡಿ. ಈಗ ಮತ್ತ ಬಾಗಿಲಾ ಕಾಯಬೇಕೇನು ನಾ?"