ಹಾಡು ನಿಂತರೆ ಸಾಲದು

ಜಗಳೂರಿನ ಬಸ್ ನಿಲ್ದಾಣದ ಹಿಂದೆ ಅಂಗಡಿ ಇಟ್ಟಿದ್ದ ರೇಡಿಯೋ ರಿಪೇರಿಯವರು ಕರೆಂಟು ಇದೆಯೇ ಎಂದು ನೋಡುವ ಟೆಸ್ಟರನ್ನು ಸದಾ ಕಿವಿಗೆ ಸಿಕ್ಕಿಸಿಕೊಂಡಿರುತ್ತಿದ್ದರು. ನಾನೇ ಕಟ್ಟಿದ ಆಂಪ್ಲಿಫೈಯರನ್ನು ಅವರ ಮುಂದಿಟ್ಟೆ. ಪ್ಲಗ್ ಹಾಕಿ, ಸ್ವಿಚ್ ಆಫ್ ಮಾಡಿ, ಒಳಗಿನ ತಂತಿಗೆ ಟೆಸ್ಟರ್ ಮುಟ್ಟಿಸಿದರು. ಟೆಸ್ಟರಿನ ದೀಪ ಹೊತ್ತಿಕೊಂಡಿತು. ಕರೆಂಟು ಬರುವ ಫೇಸ್ ತಂತಿ ಬಿಟ್ಟು ನ್ಯೂಟ್ರಲ್ ತಂತಿಗೆ ನಾನು ಸ್ವಿಚ್ ಹಾಕಿದ್ದೆ; ಆಫ್ ಮಾಡಿದರೂ ಒಳಗೆ ಕರೆಂಟು ಉಳಿಯುತ್ತಿತ್ತು.

"ಹಾಡು ನಿಂತ್ರೆ ಸಾಲ್ದು, ಕರೆಂಟು ನಿಲ್ಬೇಕು" ಎಂದರು, ಎಲ್ಲರಿಗೂ ಹೇಳುವಂತೆ.

"ನಾಳೆ ಮದ್ವೆಮನ್ಯಾಗೆ ಹಾಡು ಹಾಕೋದೈತ್ರಿ, ಹಂಗೇ ಕೊಡ್ರಿ" ಎಂದೆ.

"ಕೊಡಲ್ಲ. ಬೈಕೊಳ್ರಿ."

ಡಬ್ಬಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ನಾನು ಬೈದೆ. "ಮದ್ವೆಮನೆ ಪ್ಲಗ್ಗಿನಾಗೆ ತಂತಿ ಅದಲುಬದಲಾಗಿರ್ತಾವೆ" ಎಂದು ಗೊಣಗುತ್ತಾ, ಎರಡೂ ತಂತಿ ಒಟ್ಟಿಗೆ ಕಟ್ ಮಾಡುವ ಸ್ವಿಚ್ ಬೆಸೆದರು. ಮತ್ತೆ ಪ್ಲಗ್ ಹಾಕಿ, ಆಫ್ ಮಾಡಿ, ಟೆಸ್ಟರ್ ಮುಟ್ಟಿಸಿದರು, ದೀಪ ಹೊತ್ತಲಿಲ್ಲ. ಆಮೇಲೆ ತಮ್ಮ ಬರಿಬೆರಳನ್ನೇ ಆ ತಂತಿಯ ಮೇಲಿಟ್ಟು ನನ್ನ ಮುಖ ನೋಡಿದರು.

"ಈಗ ಬೈರಿ."